ನಿಮ್ಮ ನೇಕಾರ ಉಯಿಲು ಬರೆಸಿಯೇ ಸಾಯಬೇಕು

ಮಾನ್ಯರೇ,

ನಿಮ್ಮ ಕಥೆ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಪಕ್ಕಕ್ಕಿಡಲು ಮನಸ್ಸೂ ಬರಲಿಲ್ಲ, ಅದಕ್ಕೇ ಈ ಉದ್ದನೆಯ ಪತ್ರ.

1625ರ ಲಂಡನ್. ಊರಿಗೆ ಪ್ಲೇಗು ಬಡಿದಿದೆ. ನೇಕಾರ ಥಾಮಸ್ ಹಾಸಿಗೆ ಹಿಡಿದಿದ್ದಾನೆ, ಹೆಂಡತಿ ಆಗ್ನೆಸ್‌ಳ ಕೈ ಹಿಡಿದು ಒಂದೂವರೆ ಪುಟ ಮಾತಾಡಿ ಕಣ್ಣು ಮುಚ್ಚುತ್ತಾನೆ. ಮರುದಿನವೇ ಹಿರಿಮಗ ಮಗ್ಗ, ಪಾತ್ರೆ, ದುಡ್ಡು ಎಲ್ಲಾ ತನ್ನದೆಂದು ತಾಯಿಯನ್ನೂ ತಂಗಿಯರನ್ನೂ ಬೀದಿಗೆ ತಳ್ಳುತ್ತಾನೆ. ಬಾಗಿಲಿಗೆ ಬಳಿದ ಕೆಂಪು ಶಿಲುಬೆ, ಖಾಲಿ ಬೀದಿ ಇವೆಲ್ಲ ಚೆನ್ನಾಗಿ ಬಂದಿವೆ. ತೊಡಕಿರುವುದು ಹಿರಿಮಗನಲ್ಲಿ. ಅವನು ಲಂಡನ್ನಿನವನಲ್ಲ, ನಮ್ಮೂರಿನವನು.

ವಿಜ್ಞಾನೇಶ್ವರ ಕಲ್ಯಾಣದಲ್ಲಿ ಕೂತು ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆ ಗಾಳಿಯಲ್ಲಿ ಬೆಳೆದ ನಮಗೆ ಅಪ್ಪ ಹೋದರೆ ಮಗನೇ ಯಜಮಾನ ಎಂಬುದು ತಾನಾಗಿ ಬಂದುಬಿಡುತ್ತದೆ. ಇಂಗ್ಲೆಂಡಿನಲ್ಲೂ ಹಿರಿಮಗನಿಗೆ ಮೇಲುಗೈ ಇತ್ತು, ಆದರೆ ಅದು ಜಮೀನಿನ ಮಾತು. ನಿಮ್ಮ ಥಾಮಸ್ ಬಾಡಿಗೆ ಮನೆಯವನು. ಅವನದೆಂದರೆ ಮಗ್ಗ, ನೂಲು, ಹಾಸಿಗೆ, ಹಿತ್ತಾಳೆ ಪಾತ್ರೆ, ಬರಬೇಕಾದ ಬಾಕಿ, ಎಲ್ಲವೂ ಚರಾಸ್ತಿ. ನೇಕಾರರ ಸಂಘದ ಸದಸ್ಯನಾಗಿ ನಗರದ ಫ್ರೀಮನ್, ಅಂದರೆ ಅಲ್ಲಿ ಕಸುಬು ನಡೆಸುವ ಹಕ್ಕುಳ್ಳ ನಾಗರಿಕ, ಆದವನೆಂದು ನೀವೇ ಬರೆದಿದ್ದೀರಿ. ಅಂಥವನು ಸತ್ತರೆ, ಸಾಲ ತೀರಿಸಿ ಉಳಿದ ಚರಾಸ್ತಿ ಲಂಡನ್ನಿನ ಪದ್ಧತಿಯಂತೆ ಮೂರು ಭಾಗವಾಗುತ್ತಿತ್ತು. ಒಂದು ಹೆಂಡತಿಗೆ. ಒಂದು ಮಕ್ಕಳಿಗೆ, ಹೆಣ್ಣು ಗಂಡೆನ್ನದೆ ಸಮನಾಗಿ. ಇನ್ನೊಂದು ಸತ್ತವನ ಪಾಲು, ಅವನಿಗೆ ಬೇಕಾದವರಿಗೆ ಬರೆಯಬಹುದು. ಹದಿನೆಂಟನೇ ಶತಮಾನದ ಮೊದಲ ಕಾಲುಭಾಗದವರೆಗೂ ಇದು ನಡೆದುಬಂತು. ಆಗ್ನೆಸ್‌ಳನ್ನು ಬರಿಗೈಲಿ ಹೊರಹಾಕುವುದು ನೀವು ಬರೆದಷ್ಟು ಸಲೀಸಲ್ಲ.

ಹಾಗಾದರೆ ಕಥೆ ಎಲ್ಲಿ ಎನ್ನುತ್ತೀರಾ? ಥಾಮಸನ ಭಯದಲ್ಲಿದೆ. ಅವನಿಗೆ ಹೆದರಿಕೆ ಮಗನದಲ್ಲ, ಇನ್ನೂ ಮುಖ ನೋಡದ ಒಬ್ಬ ಗಂಡಸಿನದು: ಆಗ್ನೆಸ್ ನಾಳೆ ಮದುವೆಯಾಗಬಹುದಾದವನು. ಆ ಕಾಲದ ಕಾನೂನಿನಲ್ಲಿ ಹೆಂಗಸು ಮದುವೆಯಾದ ಗಳಿಗೆಯಿಂದ ಅವಳ ಚರಾಸ್ತಿ ಗಂಡನದು. ಗಂಡ ಒಪ್ಪದೆ ಅವಳು ಉಯಿಲು ಬರೆಯುವಂತೆಯೂ ಇಲ್ಲ. ಅಂದರೆ ಥಾಮಸ್ ನೇಯ್ದು ಗಳಿಸಿದ್ದು, ಮಕ್ಕಳ ಪಾಲೂ ಸೇರಿ, ಬರುವವನ ಜೇಬಿಗೆ ಬೀಳಬಹುದು. ಅದಕ್ಕೇ ಕಸುಬುದಾರರ ಉಯಿಲುಗಳಲ್ಲಿ ಷರತ್ತುಗಳು: ಮಗಳಿಗೆ ಇಷ್ಟು ಪೌಂಡು, ಇಪ್ಪತ್ತೊಂದು ತುಂಬಿದಾಗ ಇಲ್ಲವೇ ಮದುವೆಯ ದಿನ, ಯಾವುದು ಮೊದಲೋ ಆಗ, ಒಬ್ಬಳು ತೀರಿಕೊಂಡರೆ ಅವಳದು ಉಳಿದವರಿಗೆ, ಹೆಂಡತಿ ಮರುಮದುವೆಯಾಗುವುದಾದರೆ ಮೊದಲು ಮಕ್ಕಳ ಹಣಕ್ಕೆ ಮುಚ್ಚಳಿಕೆ ಬರೆಸಬೇಕು. ಇಷ್ಟೆಲ್ಲ ಶಂಕೆ ಇಟ್ಟುಕೊಂಡೂ ಉಯಿಲು ಜಾರಿ ಮಾಡುವ ಹೊಣೆಯನ್ನು ಹೆಚ್ಚಿನವರು ಅದೇ ಹೆಂಡತಿಗೇ ವಹಿಸುತ್ತಿದ್ದರು! ನಂಬಿಕೆ, ಅಪನಂಬಿಕೆ ಒಂದೇ ಹಾಳೆಯಲ್ಲಿ. ನಿಮ್ಮ ಒಂದೂವರೆ ಪುಟದ ಭಾಷಣಕ್ಕೆ ಈ ಬಿಸಿ ಇಲ್ಲ, ತೆಗೆದುಹಾಕಿ.

ಉಯಿಲಿನ ಸಿಟ್ಟು ಎಷ್ಟು ತಣ್ಣಗಿರಬಹುದೆಂದು ನೋಡಬೇಕಿದ್ದರೆ ಷೇಕ್ಸ್‌ಪಿಯರನ 1616ರ ಉಯಿಲು ನೋಡಿ. ಹೆಂಡತಿಗೆ ಬಿಟ್ಟ ಎರಡನೇ ದರ್ಜೆಯ ಮಂಚದ ಬಗ್ಗೆ ಎಲ್ಲರೂ ಬರೆದಾಯಿತು, ನೀವೂ ಬರೆಯಬೇಡಿ. ಕಿರಿಮಗಳು ಜೂಡಿತ್‌ಳ ಭಾಗ ಓದಿ. ಅವಳು ಅದೇ ವರ್ಷ ಒಬ್ಬ ವೈನ್ ವ್ಯಾಪಾರಿಯನ್ನು ಮದುವೆಯಾಗಿದ್ದಳು. ‘ನನ್ನ ಅಳಿಯನಿಗೆ’ ಎಂದು ಶುರುವಾದ ಕಡೆ ‘ಅಳಿಯ’ ಹೊಡೆದುಹೋಗಿ ‘ಮಗಳು ಜೂಡಿತ್’ ಬಂದಿದೆ. ಅಳಿಯನ ಹೆಸರು ಉಯಿಲಿನಲ್ಲೆಲ್ಲೂ ಇಲ್ಲ. ಅವಳ ಹಣದ ಒಂದು ಭಾಗಕ್ಕೆ, ಗಂಡ ಸರಿಸಮ ಬೆಲೆಯ ಜಮೀನು ಅವಳಿಗೂ ಮಕ್ಕಳಿಗೂ ಬರೆದುಕೊಡುವ ತನಕ ಬಡ್ಡಿ ಮಾತ್ರ. ಬೈಗುಳ ಒಂದೂ ಇಲ್ಲ, ಅಳಿಯನ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ.

ಬರೆಯುವವನನ್ನೂ ತನ್ನಿ. 1636ರಲ್ಲಿ ನ್ಯೂಕಾಸಲ್‌ಗೆ ಪ್ಲೇಗು ಬಂದಾಗ ರಾಲ್ಫ್ ಟೈಲರ್ ಎಂಬ ತರುಣ ಪತ್ರಬರಹಗಾರ ಊರು ಬಿಡದೆ ಉಯಿಲು ಬರೆದುಕೊಟ್ಟ. ಪಟ್ಟಣದ ಗೋಡೆಯ ಮೇಲೆ ನಿಂತು, ಕಿಟಕಿಗೆ ಬಂದ ರೋಗಿಯ ಮಾತು ಕೇಳಿ ಬರೆದುಕೊಂಡದ್ದೂ ಉಂಟು. ನಿಮ್ಮ ಬೀದಿಯಲ್ಲಿ ಅಂಥವನೊಬ್ಬ ನಿಂತಿರಲಿ. ಥಾಮಸ್ ಕಿಟಕಿಯಿಂದ ಕೂಗಿ ಹೇಳಲಿ: ಅಗಲದ ಮಗ್ಗ ಮಗನಿಗೆ, ಕೆಲಸ ಕಲಿಯಲು ಬಂದ ಹುಡುಗನ ಕರಾರಿನಲ್ಲಿ ಉಳಿದ ವರ್ಷಗಳ ದುಡಿಮೆ ಆಗ್ನೆಸ್‌ಗೆ, ಅವಳು ತವರಿಂದ ತಂದ ಹಾಸಿಗೆಯೂ ಅವಳಿಗೇ. ಕಾನೂನಿನ ಕಣ್ಣಲ್ಲಿ ಆ ಹಾಸಿಗೆ ಅವನದು, ಅವಳದನ್ನು ಅವಳಿಗೆ ದಾನ ಕೊಡುತ್ತಿದ್ದಾನೆ. ಮರುಮದುವೆಯ ಷರತ್ತನ್ನೂ ಅವನು ಕೂಗಿಯೇ ಹೇಳಬೇಕು, ಬೀದಿಗೆಲ್ಲ ಕೇಳುವಂತೆ, ಅವಳು ಪಕ್ಕದಲ್ಲೇ ನಿಂತಿರುವಾಗ.

ಸಾವಿನ ನಂತರದ ಅಳುವಿಗೆ ನಾಲ್ಕು ಪುಟ ಹೆಚ್ಚಾಯಿತು, ಅರ್ಧ ಪುಟ ಸಾಕು. ಮಿಕ್ಕದ್ದರಲ್ಲಿ ಮಹಜರು ನಡೆಸಿ. 1529ರ ಕಾಯಿದೆಯಂತೆ ಸತ್ತವನ ವಸ್ತುಗಳ ಪಟ್ಟಿ ಆಗಬೇಕಿತ್ತು, ಸಾಮಾನ್ಯವಾಗಿ ನೆರೆಹೊರೆಯವರೇ ಬಂದು ಕೋಣೆ ಕೋಣೆ ತಿರುಗಿ ಬೆಲೆ ಕಟ್ಟುತ್ತಿದ್ದರು. ಹಾಸಿಗೆ ಅದುಮಿ ನೋಡುವುದು, ಒಳಗೆ ಗರಿಯೋ ಉಣ್ಣೆಚೂರೋ ಎಂದು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇದೆ, ಅದಕ್ಕೆ ಬೆಲೆ ಎಷ್ಟು? ನೂಲಿನ ಲೆಕ್ಕವೋ ಬಟ್ಟೆಯ ಲೆಕ್ಕವೋ? ನೇಯ್ಗೆಯ ಬಗ್ಗೆ ಇಷ್ಟು ಚೆನ್ನಾಗಿ ಬರೆಯುವ ನೀವು ಈ ಜಗಳವನ್ನು ಬಿಡಬಾರದಿತ್ತು. ಹಿರಿಮಗನೂ ಇಲ್ಲಿ ಬರಲಿ, ಖಳನಾಗಿ ಬೇಡ, ಬೆಲೆ ಜಾಸ್ತಿ ಹಾಕಿ ಎನ್ನುವವನಾಗಿ.

ಚಿಲ್ಲರೆ ತಿದ್ದುಪಡಿಗಳು ಎರಡು. ಆಗ್ನೆಸ್ ಚಹಾ ಕಾಯಿಸುವಂತಿಲ್ಲ. ಚಹಾ ಲಂಡನ್ನಿನ ಅಂಗಡಿಗೆ ಬಂದದ್ದು 1650ರ ದಶಕದಲ್ಲಿ. ನೀರಾದ ಬಿಯರು ಕುಡಿಸಿ. ಗೋಡೆಯ ಲೋಲಕದ ಗಡಿಯಾರವನ್ನೂ ಇಳಿಸಿ, ಡಚ್ ವಿಜ್ಞಾನಿ ಹೈಗೆನ್ಸ್ ಅದನ್ನು ಮಾಡಿದ್ದು 1656ರಲ್ಲಿ.

ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಮೂರು ಸಾವಿರ ಪದ ದಾಟದಿರಲಿ.

ಸಂಪಾದಕ