ಕೆರೆ ನೀರು, ಹಕ್ಕಿ, ಹಸಿರು ಗಮನಿಸೋಕೆ ಕಡಿಮೆ ಖರ್ಚಿನ ಟೈಮ್‌ಲ್ಯಾಪ್ಸ್ ಕ್ಯಾಮೆರಾ ಮನೆಯಲ್ಲೇ ಮಾಡಬಹುದಾ?

ಮಾಡಬಹುದು. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಗದಗ ಹತ್ತಿರದ ನಿಮ್ಮ ಊರಿನ ಕೆರೆಗೆ ಒಂದು ಕ್ಯಾಮೆರಾ ಕಟ್ಟಬೇಕು. ಅದು ವರ್ಷಪೂರ್ತಿ ತಾನಾಗಿಯೇ ಫೋಟೊ ತೆಗೆಯುತ್ತಿರಬೇಕು. ನೀರು ಯಾವಾಗ ಏರಿತು, ಯಾವಾಗ ಇಳಿಯಿತು, ಚಳಿಗಾಲದ ಹಕ್ಕಿಗಳು ಯಾವಾಗ ಬಂದವು ಅನ್ನೋದು ಗೊತ್ತಾಗಬೇಕು. ಖರ್ಚು ಮಾತ್ರ ಐದು ಸಾವಿರ ದಾಟಬಾರದು. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಶಾಲೆಯಲ್ಲಿ ಮೇಷ್ಟ್ರಾಗಿರುವ ಗೆಳೆಯರೊಬ್ಬರ ಜೊತೆ ಸೇರಿ ಇಂಥ ಕ್ಯಾಮೆರಾ ಡಬ್ಬಿಗಳನ್ನು ಕಟ್ಟಿದ್ದೇನೆ.

ಎಲ್ಲರೂ ಮೊದಲು ಕೇಳೋದು ಯಾವ ಬೋರ್ಡ್ (ಕ್ಯಾಮೆರಾ ನಡೆಸುವ ಸರ್ಕ್ಯೂಟ್) ತಗೋಬೇಕು ಅಂತ. ಅದು ಆಮೇಲಿನ ಮಾತು. ನೀರಿಗೂ ಹಕ್ಕಿಗೂ ಒಂದೇ ಅಗ್ಗದ ಕ್ಯಾಮೆರಾ ಸಾಲುವುದಿಲ್ಲ. ಲೆಕ್ಕ ಹಾಕಿ ನೋಡಿ. ಎಲ್ಲರೂ ಹೇಳುವ ಇಎಸ್‌ಪಿ32-ಕ್ಯಾಮ್ ಅನ್ನೋ ಚಿಕ್ಕ ಬೋರ್ಡ್‌ನಲ್ಲಿ ಇರುವುದು 2 ಮೆಗಾಪಿಕ್ಸೆಲ್ ಸೆನ್ಸರ್. ಫೋಟೊದ ಅಗಲ 1600 ಚುಕ್ಕೆ (ಪಿಕ್ಸೆಲ್). ಅದರ ಜೊತೆ ಬರುವ ಲೆನ್ಸ್ ಸುಮಾರು 65 ಡಿಗ್ರಿ ಅಗಲ ನೋಡುತ್ತದೆ. ಅಂದರೆ 100 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 127 ಮೀಟರ್ ಅಗಲದ ಜಾಗ ಆ 1600 ಚುಕ್ಕೆಗಳಲ್ಲಿ ಹಿಡಿಸಬೇಕು. ಒಂದು ಚುಕ್ಕೆಗೆ 8 ಸೆಂಟಿಮೀಟರ್ ಆಯಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಉದ್ದ ಮುಕ್ಕಾಲು ಮೀಟರ್. 100 ಮೀಟರ್‌ನಲ್ಲಿ ಅದು ಒಂಬತ್ತು ಚುಕ್ಕೆ, 300 ಮೀಟರ್‌ನಲ್ಲಿ ಮೂರೇ ಚುಕ್ಕೆ. ನೀರಿನ ಮೇಲೆ ಏನೋ ಇದೆ ಅಂತ ಗೊತ್ತಾಗುತ್ತದೆ. ಹೆಬ್ಬಾತೋ, ತೇಲಿ ಬಂದ ಪ್ಲಾಸ್ಟಿಕ್ಕೋ ಅಂತ ಹೇಳೋಕಾಗಲ್ಲ.

ಹಾಗಾಗಿ ನೀರಿನ ಮಟ್ಟಕ್ಕೆ ಈ ಅಗ್ಗದ ಬೋರ್ಡ್ ಸಾಕು. ಹಕ್ಕಿಗೆ ಝೂಮ್ ಇರುವ ಹಳೇ ಡಿಜಿಟಲ್ ಕ್ಯಾಮೆರಾ ಹುಡುಕಿ. ಎಷ್ಟೋ ಮನೆಗಳ ಅಟ್ಟದ ಮೇಲೆ ಕ್ಯಾನನ್ ಪವರ್‌ಶಾಟ್ ಸುಮ್ನೆ ಬಿದ್ದಿರುತ್ತದೆ. ಅದಕ್ಕೆ ಸಿಎಚ್‌ಡಿಕೆ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಮೆಮೊರಿ ಕಾರ್ಡ್‌ನಿಂದಲೇ ನಡೆಯುತ್ತದೆ, ಕ್ಯಾಮೆರಾದ ಮೂಲ ಸಾಫ್ಟ್‌ವೇರನ್ನು ಅಳಿಸುವುದಿಲ್ಲ. ಇಷ್ಟು ನಿಮಿಷಕ್ಕೊಂದು ಫೋಟೊ ತೆಗಿ ಅಂತ ಚಿಕ್ಕ ಸ್ಕ್ರಿಪ್ಟ್ ಬರೆದುಕೊಡಬಹುದು. ಎಲ್ಲಾ ಮಾಡೆಲ್‌ಗೂ ಆಗಲ್ಲ, ಕೊಳ್ಳುವ ಮುಂಚೆ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯಾ ನೋಡಿ. ಬ್ಯಾಟರಿ ಮಾತ್ರ ಜಾಸ್ತಿ ತಿನ್ನುತ್ತದೆ. ಆದರೆ ಹಕ್ಕಿಗೆ ವರ್ಷಪೂರ್ತಿ ಬೇಕಿಲ್ಲ, ಅಲ್ವಾ? ನವೆಂಬರ್‌ನಿಂದ ಮಾರ್ಚ್‌ವರೆಗೆ ಹಾಕಿ, ಆಗಾಗ ಬ್ಯಾಟರಿ ಬದಲಿಸಿ. ಬೆಳಗಿನ ಹೊತ್ತಿನ ಫೋಟೊಗಳೇ ಚೆನ್ನ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಝಳದಲ್ಲಿ ದೂರದ್ದೆಲ್ಲ ಅಲುಗಾಡಿದಂತೆ ಕಾಣುತ್ತದೆ, ಝೂಮ್ ಎಷ್ಟಿದ್ದರೂ ಅಷ್ಟೇ.

ಹಳೇ ಆಂಡ್ರಾಯ್ಡ್ ಫೋನ್ ಆಗಲ್ವಾ ಅಂತಲೂ ಕೇಳಿದ್ದೀರಿ. ಒಂದು ವಾರದ ಮಟ್ಟಿಗೆ, ನೆರಳಿನಲ್ಲಿ, ಆಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಫೋನ್ ಇಟ್ಟು ಚಾರ್ಜಿಗೂ ಹಾಕಿದರೆ ಬ್ಯಾಟರಿ ಉಬ್ಬುತ್ತದೆ. ಅಂಗಡಿಗೆ ಬರುವ ಅಂಥ ಫೋನ್‌ಗಳನ್ನು ನೋಡಿ ನೋಡಿ ನನಗೆ ಆ ದಾರಿ ಬೇಡ ಅನ್ನಿಸಿದೆ.

ಈಗ ಕರೆಂಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ಡಬ್ಬಿಗಳು ಸಾಯುವುದು ಇಲ್ಲೇ. ಇಎಸ್‌ಪಿ32 ಬೋರ್ಡ್ ಎದ್ದು, ಫೋಟೊ ತೆಗೆದು, ಕಾರ್ಡ್‌ಗೆ ಬರೆದು ಮಲಗಲು 10 ಸೆಕೆಂಡ್, 200 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ಒಂದು ಫೋಟೊಗೆ ಅರ್ಧ ಮಿಲಿಆಂಪ್-ಅವರ್‌ಗಿಂತ (ಬ್ಯಾಟರಿಯ ಖರ್ಚು ಅಳೆಯುವ ಲೆಕ್ಕ ಇದು) ಚೂರು ಜಾಸ್ತಿ. ದಿನಕ್ಕೆ ಹನ್ನೆರಡು ಫೋಟೊ ಅಂದರೆ 7 ಆಯಿತು. ಆದರೆ ಚಿಪ್ ಮಲಗಿದ್ದರೂ ಬೋರ್ಡ್ ಮೇಲಿನ ವೋಲ್ಟೇಜ್ ರೆಗ್ಯುಲೇಟರ್, ಅಂದರೆ ಚಿಪ್‌ಗೆ ಬೇಕಾದಷ್ಟೇ ವೋಲ್ಟ್ ಕೊಡುವ ಭಾಗ, ಮಲಗಲ್ಲ. ಅದು ಸುಮ್ನೆ ಕೂತೇ 5 ಮಿಲಿಆಂಪ್ ಕುಡಿಯುತ್ತಿರುತ್ತದೆ. ದಿನಕ್ಕೆ 120. ಕೆಲಸಕ್ಕಿಂತ ನಿದ್ದೆಗೇ ಹದಿನೇಳು ಪಟ್ಟು ಖರ್ಚು! 2500 ಮಿಲಿಆಂಪ್-ಅವರ್‌ನ ಒಂದು 18650 ಸೆಲ್ (ಚಾರ್ಜ್ ಆಗುವ ಲಿಥಿಯಂ ಸೆಲ್) ಇಪ್ಪತ್ತು ದಿನದಲ್ಲಿ ಖಾಲಿ. ಜನ ಇದನ್ನು ನೋಡಿ ಸೋಲಾರ್ ಪ್ಯಾನೆಲ್ ಕೊಳ್ಳೋಕೆ ಹೋಗುತ್ತಾರೆ. ಪ್ಯಾನೆಲ್ ಬೇಡ, ನಲ್ಲಿ ಸೋರುತ್ತಿದ್ದರೆ ದೊಡ್ಡ ಟ್ಯಾಂಕ್ ತಂದಿಡುವುದಿಲ್ಲವಲ್ಲ.

ಬೋರ್ಡ್‌ಗೆ ಹೋಗುವ ಕರೆಂಟನ್ನೇ ಪೂರ್ತಿ ಕತ್ತರಿಸಿ. ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಹಿಂದೆ ಮುಂದೆ ಆಗುತ್ತದೆ. ಅದರ ಅಲಾರಂ ಪಿನ್‌ನಿಂದ ಒಂದು ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಬಿಡಿಭಾಗ) ನಡೆಸಿದರೆ ಹೊತ್ತಿಗೆ ಸರಿಯಾಗಿ ಬೋರ್ಡ್ ಎಬ್ಬಿಸಿ, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಬಹುದು. ಬೋರ್ಡ್ ಒಳಗಿನ ಗಡಿಯಾರವನ್ನು ನಂಬಬೇಡಿ, ಬಿಸಿಲು ಚಳಿಗೆ ತಕ್ಕಂತೆ ಅದರ ನಡಿಗೆ ಬದಲಾಗುತ್ತದೆ. ಇನ್ನೊಂದು ಮಾತು: ಅಗ್ಗದ ಡಿಎಸ್3231 ಮಾಡ್ಯೂಲ್‌ಗಳಲ್ಲಿ ನಾಣ್ಯದಂಥ ಸೆಲ್ಲನ್ನು ಚಾರ್ಜ್ ಮಾಡುವ ಒಂದು ಡಯೋಡ್ ಇರುತ್ತದೆ. ನೀವು ಮಾಮೂಲಿ ಸಿಆರ್2032 ಹಾಕುವುದಾದರೆ ಅದು ಚಾರ್ಜ್ ಆಗುವ ಸೆಲ್ ಅಲ್ಲ, ಆ ಡಯೋಡನ್ನು ಕಿತ್ತುಬಿಡಿ.

18650 ಸೆಲ್‌ನಿಂದ ನೇರವಾಗಿ ಬೋರ್ಡ್‌ನ 5 ವೋಲ್ಟ್ ಪಿನ್‌ಗೆ ಕೊಟ್ಟರೆ ಸೆಲ್ ಸ್ವಲ್ಪ ಇಳಿದ ಕೂಡಲೇ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ನಡುವೆ ವೋಲ್ಟೇಜ್ ಏರಿಸುವ 5 ವೋಲ್ಟ್‌ನ ಬೂಸ್ಟ್ ಮಾಡ್ಯೂಲ್ ಹಾಕಿ, ಮಾಸ್‌ಫೆಟ್ ಅದಕ್ಕಿಂತ ಮುಂಚೆ ಇರಲಿ. ಹೀಗೆ ಮಾಡಿದರೆ ಕಾಗದದ ಮೇಲೆ ಒಂದು ಸೆಲ್ ವರ್ಷದ ಹತ್ತಿರ ಬರುತ್ತದೆ. ಬೂಸ್ಟ್‌ನ ನಷ್ಟ, ಬಿಸಿಲು, ಸೆಲ್‌ನ ವಯಸ್ಸು ಎಲ್ಲಾ ಸೇರಿಸಿ ಅರ್ಧ ಅಂದುಕೊಳ್ಳಿ. ಎರಡು ಸೆಲ್ ಹಾಕಿದರೆ ಯುಗಾದಿಗೆ ಹಾಕಿದ್ದು ದಸರಾ ದಾಟುತ್ತದೆ. ರಾಸ್ಪ್‌ಬೆರಿ ಪೈ ಝೀರೊ ಅನ್ನೋ ಪುಟ್ಟ ಕಂಪ್ಯೂಟರ್ ಕೂಡ ಬಳಸಬಹುದು, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಬೆಲೆ ಜಾಸ್ತಿ, ಏಳೋಕೆ ಅರ್ಧ ನಿಮಿಷ ಬೇಕು, ಅದಕ್ಕೂ ಹೊರಗಿನ ಗಡಿಯಾರ ಬೇಕೇ ಬೇಕು.

ಕೋಡ್ ಬಗ್ಗೆ ಎರಡೇ ಮಾತು. ಎದ್ದ ಕೂಡಲೇ ತೆಗೆದ ಮೊದಲ ಫೋಟೊ ಹಸಿರು ಬಳಿದಂತೆ ಬರುತ್ತದೆ, ಸೆನ್ಸರ್ ಬೆಳಕಿಗೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಮೊದಲ ಕೆಲವು ಫ್ರೇಮ್ ಬಿಸಾಕಿ, ಆಮೇಲಿನದನ್ನು ಉಳಿಸಿ. ಮೆಮೊರಿ ಕಾರ್ಡನ್ನು 1-ಬಿಟ್ ಮೋಡ್‌ನಲ್ಲಿ (ಒಂದೇ ಡೇಟಾ ತಂತಿಯಲ್ಲಿ) ನಡೆಸಿ, ಇಲ್ಲದಿದ್ದರೆ ಕಾರ್ಡ್‌ಗೆ ಬರೆಯುವಾಗೆಲ್ಲ ಫ್ಲ್ಯಾಶ್ ಎಲ್‌ಇಡಿ ಮಿಣಕ್ ಮಿಣಕ್ ಅನ್ನುತ್ತದೆ. ಸಂಜೆ ಹೊತ್ತು ಅದನ್ನು ನೋಡಿದ ಹುಡುಗರು ಡಬ್ಬಿ ಬಿಚ್ಚದೆ ಬಿಡುವುದಿಲ್ಲ.

ಇನ್ನು ಕಂಬ. ನಮ್ಮ ಗದಗ, ನವಲಗುಂದದ ಕಡೆ ಎರೆ ಭೂಮಿ ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಎರಡಡಿ ಗುಂಡಿ ತೋಡಿ ಪೈಪ್ ನೆಟ್ಟರೆ ವರ್ಷದೊಳಗೆ ವಾಲುತ್ತದೆ. ಕ್ಯಾಮೆರಾ ಎರಡು ಡಿಗ್ರಿ ವಾಲಿದರೆ 100 ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಸರಿದ ಹಾಗೆ. ಜೂನ್ ಫೋಟೊಗೂ ಡಿಸೆಂಬರ್ ಫೋಟೊಗೂ ಆಮೇಲೆ ಹೋಲಿಸುವುದೇ ಕಷ್ಟ. ಸಾಲದ್ದಕ್ಕೆ ಎಮ್ಮೆಗಳು ಬಂದು ಮೈ ತಿಕ್ಕುತ್ತವೆ. ಹೊಸ ಕಂಬ ನೆಡುವ ಬದಲು ಈಗಾಗಲೇ ಗಟ್ಟಿಯಾಗಿ ನಿಂತಿರುವುದಕ್ಕೆ ಕಟ್ಟಿ: ತೂಬಿನ ಕಲ್ಲು, ಕೋಡಿಯ ಗೋಡೆ, ಒಡ್ಡಿನ ಮೇಲಿನ ಗುಡಿ. ಮರ ಬೇಡ, ಗಾಳಿಗೆ ತೂಗುತ್ತದೆ, ಬೆಳೆಯುತ್ತದೆ. ಚಿತ್ರದ ಒಂದು ಮೂಲೆಯಲ್ಲಿ ಎಂದೂ ಕದಲದ ವಸ್ತುವೊಂದು ಇರಲಿ. ಕ್ಯಾಮೆರಾ ಸರಿದರೂ ಅದನ್ನು ಹಿಡಿದು ಫೋಟೊಗಳನ್ನು ಹೊಂದಿಸಿಕೊಳ್ಳಬಹುದು. ನೀರಿನ ಮಟ್ಟಕ್ಕೆ ತೂಬಿನ ಹತ್ತಿರ ಒಂದು ಪಿವಿಸಿ ಪೈಪಿಗೆ 10 ಸೆಂಟಿಮೀಟರ್‌ಗೊಂದು ಕಪ್ಪು ಬಿಳಿ ಪಟ್ಟೆ ಬಳಿದು ನಿಲ್ಲಿಸಿ. ಕ್ಯಾಮೆರಾ ಅದರಿಂದ ಇಪ್ಪತ್ತು ಮೂವತ್ತು ಮೀಟರ್ ಒಳಗಿದ್ದರೆ ಪಟ್ಟೆ ಎಣಿಸಬಹುದು.

ಮುಖ ಉತ್ತರಕ್ಕೆ ಇರಲಿ. ನಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಆದರೂ ಬಹಳ ಎತ್ತರದಲ್ಲಿರುವುದರಿಂದ ಚಿತ್ರದೊಳಗೆ ಬರುವುದಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ದಿನದ ಒಂದು ಹೊತ್ತಿನ ಫೋಟೊಗಳು ಹಾಳು.

ಡಬ್ಬಿಗೆ ಎಲೆಕ್ಟ್ರಿಕಲ್ ಅಂಗಡಿಯ, ಧೂಳು ನೀರು ತಡೆಯುವ ಐಪಿ65 ಜಂಕ್ಷನ್ ಬಾಕ್ಸ್ ಸಾಕು. ಕಿಟಕಿಗೆ ಗಾಜು ಹಾಕಿ, ಅಕ್ರಿಲಿಕ್ ಗೀರು ಬೀಳುತ್ತದೆ. ಅಂಟಿಸುವ ಸಿಲಿಕೋನ್‌ಗೆ ವಿನೆಗರ್ ವಾಸನೆ ಬಂದರೆ ಅದು ಪೂರ್ತಿ ಒಣಗುವವರೆಗೂ ಬೋರ್ಡ್ ಒಳಗಿಡಬೇಡಿ, ಆ ಆವಿ ತಾಮ್ರವನ್ನು ತಿನ್ನುತ್ತದೆ. ಗಾಜಿನ ಮೇಲೆ ಪೈಪ್ ಸೀಳಿ ಮಾಡಿದ ಒಂದು ಚಿಕ್ಕ ಸೂರು, ಡಬ್ಬಿಯ ಮೇಲೆ ಬೆರಳಗಲ ಬಿಟ್ಟು ಬಿಳಿ ತಗಡು, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ತೂತು ಎಲ್ಲಿದ್ದರೂ ಮಣ್ಣಿನ ಗೂಡು ಕಟ್ಟುವ ಕಡಜ ಹುಡುಕಿಕೊಂಡು ಬರುತ್ತದೆ. ಗಾಜಿನ ಮೇಲೆ ಜೇಡ ಬಲೆ ನೇಯುತ್ತದೆ. ನಮ್ಮ ಡಬ್ಬಿಯೊಂದರಲ್ಲಿ ಮಂಜಿನ ಬೆಳಿಗ್ಗೆಗಳಲ್ಲಿ ಆ ಬಲೆಯ ಎಳೆ ಎಳೆಗೂ ಹನಿ ನಿಂತು, ಹಿಂದಿನ ಕೆರೆ ಪೂರ್ತಿ ಮಸುಕು. ತಿಂಗಳಿಗೊಮ್ಮೆ ಹೋಗಿ ಒರೆಸೋದಕ್ಕೆ ಬದಲಿ ಏನೂ ಇಲ್ಲ.

ಹಸಿರಿನ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದಲ್ಲಿ ಫೀನೊಕ್ಯಾಮ್ ಅನ್ನೋ ಜಾಲ ಇದೆ, ಅಲ್ಲಿ ಕಾಡು, ಹುಲ್ಲುಗಾವಲು, ಹೊಲಗಳ ಮುಂದೆ ಕ್ಯಾಮೆರಾ ಇಟ್ಟು ಇದನ್ನೇ ಮಾಡುತ್ತಾರೆ. ಚಿತ್ರದ ಒಂದು ಭಾಗವನ್ನು ಗುರುತು ಮಾಡಿಕೊಂಡು, ಹಸಿರು ಬಣ್ಣದ ಬೆಲೆಯನ್ನು ಕೆಂಪು, ಹಸಿರು, ನೀಲಿ ಮೂರರ ಮೊತ್ತದಿಂದ ಭಾಗಿಸುತ್ತಾರೆ. ಆ ಸಂಖ್ಯೆ ದಿನದಿಂದ ದಿನಕ್ಕೆ ಹೇಗೆ ಏರುತ್ತದೆ ನೋಡಿದರೆ ಚಿಗುರು ಯಾವಾಗ ಶುರುವಾಯಿತು ಅಂತ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಕಪ್ಪತಗುಡ್ಡ ಮುಂಗಾರಿನ ಮೊದಲ ಮಳೆಗಳ ನಂತರ ಹಸಿರಾಗುವುದನ್ನು ಅಳೆಯಲು ಇದಕ್ಕಿಂತ ಸರಳ ದಾರಿ ನನಗೆ ಕಾಣದು. ಒಂದೇ ಷರತ್ತು, ವೈಟ್ ಬ್ಯಾಲೆನ್ಸನ್ನು (ಕ್ಯಾಮೆರಾ ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿ ಬಿಡಬಾರದು. ಬಿಟ್ಟರೆ ಗುಡ್ಡ ಹಸಿರಾದಷ್ಟೂ ಕ್ಯಾಮೆರಾ ಆ ಹಸಿರನ್ನು ತಿದ್ದಿ ತಿದ್ದಿ ಕಡಿಮೆ ಮಾಡುತ್ತದೆ.

ಕಪ್ಪತಗುಡ್ಡ ವನ್ಯಜೀವಿ ಧಾಮ, ಮಾಗಡಿ ಕೆರೆ ಸಂರಕ್ಷಿತ ಪ್ರದೇಶ, 2024ರಿಂದ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಕೂಡ. ಅಂಥ ಕಡೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಏನೂ ಕಟ್ಟಬೇಡಿ. ನಿಮ್ಮೂರ ಕೆರೆಗೆ ಪಂಚಾಯಿತಿಯಲ್ಲಿ ಒಂದು ಅರ್ಜಿ ಕೊಡಿ. ಹೆಂಗಸರು ಬಟ್ಟೆ ಒಗೆಯುವ ಕಲ್ಲು, ಮಕ್ಕಳು ಈಜುವ ಜಾಗ ಚಿತ್ರದಲ್ಲಿ ಬರಲೇಬಾರದು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ, ಇದು ಕೆರೆ ನೀರಿನ ಮಟ್ಟ ನೋಡುವ ಕ್ಯಾಮೆರಾ ಅಂತ. ದಿನಾ ಅಲ್ಲಿ ಓಡಾಡುವ ಕುರಿ ಕಾಯುವ ಅಣ್ಣಂದಿರನ್ನು ಕರೆದು ಫೋಟೊ ತೋರಿಸಿ. ಬೀಗಕ್ಕಿಂತ ಅದು ಜಾಸ್ತಿ ಕಾಯುತ್ತದೆ.

ದಿನಕ್ಕೆ ಹನ್ನೆರಡರಂತೆ ವರ್ಷಕ್ಕೆ 4380 ಫೋಟೊ, ಒಂದು ಸಣ್ಣ ಕಾರ್ಡಿನಲ್ಲಿ ಆರಾಮಾಗಿ ಹಿಡಿಸುತ್ತದೆ. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಸೆಕೆಂಡಿಗೆ 25ರಂತೆ ಜೋಡಿಸಿದರೆ ಮೂರು ನಿಮಿಷದ ವಿಡಿಯೊ. ಊರವರಿಗೆ ತೋರಿಸಲು ಅದು ಚೆನ್ನ. ಆದರೆ ಮೂಲ ಫೋಟೊಗಳನ್ನು ಅಳಿಸಬೇಡಿ. ಫೈಲ್ ಹೆಸರಿನಲ್ಲೇ ದಿನಾಂಕ, ಗಂಟೆ ಇರಲಿ, ತಿಂಗಳಿಗೊಮ್ಮೆ ಒರೆಸಲು ಹೋದಾಗ ಎರಡು ಕಡೆ ನಕಲು ಮಾಡಿ. ಮಟ್ಟ ಓದಲು ದಿನಕ್ಕೊಂದು ಫೋಟೊ ಸಾಕು, ಕಣ್ಣಲ್ಲೇ ನೋಡಿ ವಹಿಯಲ್ಲಿ ಬರೆದುಕೊಳ್ಳಬಹುದು.

ನೀರಿನ ಡಬ್ಬಿ ಐದು ಸಾವಿರದೊಳಗೆ ಧಾರಾಳವಾಗಿ ಮುಗಿಯುತ್ತದೆ. ಹಕ್ಕಿಯದು ಹಳೇ ಕ್ಯಾಮೆರಾ ಸಿಗುವುದರ ಮೇಲೆ ನಿಂತಿದೆ. ನಿಮ್ಮ ಕೆರೆಯಲ್ಲಿ ಕ್ಯಾಮೆರಾ ಕಟ್ಟಬಹುದಾದ ಗೋಡೆ ಯಾವುದು, ಅಲ್ಲಿಂದ ತೂಬಿಗೆ ಎಷ್ಟು ಮೀಟರ್, ಹಕ್ಕಿ ಕೂರುವ ಜಾಗಕ್ಕೆ ಎಷ್ಟು ಅಂತ ಹೆಜ್ಜೆ ಹಾಕಿ ಅಳೆದು ಇಲ್ಲೇ ಬರೆಯಿರಿ. ಯಾವ ಲೆನ್ಸ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.