ಅಂಗಳಕ್ಕೆ ಮರದ ನಕ್ಷತ್ರ: ಐದು ಪಟ್ಟಿ, ಹತ್ತು ಬೋಲ್ಟು

ಕಾರವಾರದಲ್ಲಿ ಅಂಗಳ ಇರೋ ಬಾಡಿಗೆ ಮನೆ ಸಿಕ್ಕಿದೆ, ಕ್ರಿಸ್‌ಮಸ್‌ಗೆ ಮರದಲ್ಲಿ ಏನಾದರೂ ಸುಲಭದ್ದು ಮಾಡಬೇಕು, ಆದರೆ ಗರಗಸ ಹಿಡಿದೇ ಗೊತ್ತಿಲ್ಲ ಅಂತ ಕೇಳಿದ್ದೀರಿ. ನಕ್ಷತ್ರ ಮಾಡಿ. ಪ್ಲೈವುಡ್ಡಿನ ಕ್ರಿಸ್‌ಮಸ್ ಟ್ರೀ ಮಾತ್ರ ಬೇಡ.

ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಅಗ್ಗದ ಪ್ಲೈ ತಂದು ನಾಲ್ಕು ಅಡಿ ಎತ್ತರದ ಟ್ರೀ ಕೊಯ್ದು, ಕಬ್ಬಿಣದ ಮೊಳೆ ಹೊಡೆದು ನಿಲ್ಲಿಸಿದೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದರೆ ಸಾಕು, ಅಂಗಾತ ಬೀಳುತ್ತಿತ್ತು. ರಾತ್ರಿ ಇಬ್ಬನಿ ಕುಡಿದು ಅಂಚೆಲ್ಲ ಉಬ್ಬಿ ಪದರ ಬಿಟ್ಟಿತು. ಮೊಳೆಯಿಂದ ತುಕ್ಕು ಇಳಿದು ಬಿಳಿ ಬಣ್ಣದ ಮೇಲೆ ಕಂದು ಗೆರೆ. ಪಕ್ಕದ ಮನೆ ಆಚಾರಿ ನೋಡಿ, "ಕಬ್ಬಿಣ ಹೊಡೆದ್ರಾ? ಉಪ್ಪುಗಾಳಿ ಬಿಡ್ತದಾ ಅದ್ನ?" ಅಂದರು.

ಪಟ್ಟಿಗಳ ನಕ್ಷತ್ರದಲ್ಲಿ ಗಾಳಿ ನಡುವೆ ಹಾದು ಹೋಗುತ್ತದೆ. ಕೋನ ಅಳೆಯುವ ತಲೆಬಿಸಿಯೂ ಇಲ್ಲ. ಐದು ಪಟ್ಟಿ ಒಂದೇ ಅಳತೆ ಇದ್ದು, ಒಂದನ್ನೊಂದು ದಾಟುವ ಗುರುತುಗಳು ಸರಿಯಾಗಿ ಕೂತರೆ ಕೋನ ತಾನಾಗಿ ಬರುತ್ತದೆ.

ಮರಕ್ಕೆ ಸಾಗವಾನಿ ಎಲ್ಲ ಬೇಡ. ಹಳೆ ಹಂಚಿನ ಮನೆ ಬಿಚ್ಚಿದ ಕಡೆ ರೀಪು, ಅಂದರೆ ಹಂಚಿನ ಕೆಳಗೆ ಹೊಡೆಯೋ ಮರದ ಪಟ್ಟಿ ಸಿಗುತ್ತದೆ, ನೇರವಾಗಿರೋದನ್ನ ಆರಿಸಿ. ಮೊಳೆ ಎಲ್ಲ ಕಿತ್ತು ಸಾ ಮಿಲ್ಲಿಗೆ ಕೊಟ್ಟರೆ ಕಾಲು ಇಂಚು ದಪ್ಪಕ್ಕೆ ಸೀಳಿ ಕೊಡುತ್ತಾರೆ. ಅಗಲ ಒಂದೂವರೆ ಇಂಚು ಸಾಕು. ಉದ್ದ 94 ಸೆಂ.ಮೀ. ಅದನ್ನೂ ಅವರ ಹತ್ತಿರವೇ ಕತ್ತರಿಸಿಕೊಂಡರೆ ನಿಮಗೆ ಗರಗಸದ ಕೆಲಸವೇ ಇಲ್ಲ! ಅಡಿಕೆ ದಬ್ಬೆಯಲ್ಲೂ ಮಾಡಿ ನೋಡಿದ್ದೆ. ಬೋಲ್ಟು ಬಿಗಿ ಮಾಡುವಾಗ ಉದ್ದಕ್ಕೆ ಸೀಳಿತು, ಕೈಗೆಲ್ಲ ಸಿಬಿರು.

ಐದೂ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಟೇಪು ಸುತ್ತಿ ಕಟ್ಟು ಮಾಡಿ. ಎರಡೂ ತುದಿಯಿಂದ 2 ಸೆಂ.ಮೀ. ಬಿಟ್ಟು ಡ್ರಿಲ್ಲಿನಲ್ಲಿ ಒಟ್ಟಿಗೇ ತೂತು ಹೊಡೆಯಿರಿ. ತೂತಿನಿಂದ ತೂತಿಗೆ 90 ಸೆಂ.ಮೀ. ಬರುತ್ತದೆ. ಒಟ್ಟಿಗೆ ಹೊಡೆಯೋದು ಮುಖ್ಯ. ಬೇರೆ ಬೇರೆ ಹೊಡೆದರೆ ಅರ್ಧ ಸೆಂಟಿಮೀಟರು ಆಚೀಚೆ ಆಗಿ ನಕ್ಷತ್ರ ಸೊಟ್ಟ ಆಗುತ್ತದೆ. ಆಮೇಲೆ ಪ್ರತಿ ಪಟ್ಟಿಗೂ ಎರಡೂ ಕಡೆಯ ತೂತಿನಿಂದ 34.4 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿ. ಪಟ್ಟಿಗಳು ಒಂದನ್ನೊಂದು ದಾಟುವ ಜಾಗ ಅದು. ಅಲ್ಲಿ ಈಗಲೇ ತೂತು ಬೇಡ.

120 ನಂಬರಿನ ಪಾಲಿಶ್ ಪೇಪರ್ ಉಜ್ಜಿ, ಪ್ರೈಮರ್ ಒಂದು ಕೋಟು, ಎನಾಮೆಲ್ ಎರಡು ಕೋಟು ಹೊಡೆಯಿರಿ. ಜೋಡಿಸುವ ಮೊದಲೇ ಬಣ್ಣ ಹೊಡೆದರೆ ಸಂದಿಯಲ್ಲಿ ಬ್ರಷ್ ತುರುಕುವ ಗೋಳು ತಪ್ಪುತ್ತದೆ. ಪಟ್ಟಿಯ ಕೊಯ್ದ ತುದಿಗಳಿಗೆ ಜಾಸ್ತಿ ಬಣ್ಣ ಕುಡಿಸಿ. ನೀರು ಒಳಗೆ ಹೋಗೋದು ಅಲ್ಲಿಂದಲೇ. ಪೆನ್ಸಿಲ್ ಗುರುತು ಮುಚ್ಚಿ ಹೋದರೆ ಮತ್ತೆ ಹಾಕಿಕೊಳ್ಳಿ.

ಜೋಡಿಸಲು 4 ಮಿ.ಮೀ. ದಪ್ಪದ, ಒಂದು ಇಂಚು ಉದ್ದದ ಬೋಲ್ಟು ಹತ್ತು, ನಟ್ಟು, ವಾಶರ್. ಎಲ್ಲ ಸ್ಟೀಲಿನದೇ ಇರಲಿ, ತುಕ್ಕು ಹಿಡಿಯದ್ದು. ನೆಲದ ಮೇಲೆ ಹರಡಿ, ಕೈ ಎತ್ತದೆ ಕಾಗದದ ಮೇಲೆ ನಕ್ಷತ್ರ ಬಿಡಿಸುತ್ತೀರಲ್ಲ, ಅದೇ ಕ್ರಮದಲ್ಲಿ ಒಂದೊಂದೇ ಪಟ್ಟಿ ಇಡುತ್ತಾ ಹೋಗಿ. ಪ್ರತಿ ಪಟ್ಟಿಯೂ ಮೊದಲ ಅಡ್ಡದಲ್ಲಿ ಮೇಲೆ, ಎರಡನೆಯದರಲ್ಲಿ ಕೆಳಗೆ. ಚಾಪೆ ಹೆಣೆದ ಹಾಗೆ. ಕಾಲು ಇಂಚಿನ ಪಟ್ಟಿ ಇಷ್ಟಕ್ಕೆ ಬಾಗುತ್ತದೆ, ಅದಕ್ಕೇ ತೆಳ್ಳಗೆ ಸೀಳಿಸಿ ಅಂದಿದ್ದು. ತುದಿಗಳ ಐದು ಬೋಲ್ಟು ಸಡಿಲ ಹಾಕಿದಾಗ ನಕ್ಷತ್ರ ಅತ್ತಿತ್ತ ವಾಲಾಡುತ್ತದೆ, ಗಾಬರಿ ಬೇಡ. ಪೆನ್ಸಿಲ್ ಗುರುತುಗಳು ಒಂದರ ಮೇಲೊಂದು ಬರುವ ತನಕ ಸರಿಸಿ, ಎರಡೂ ಪಟ್ಟಿ ಸೇರಿಸಿ ತೂತು ಹೊಡೆದು ಉಳಿದ ಐದು ಬೋಲ್ಟು ಹಾಕಿ. ಆಗ ಬಿಗಿಯಾಗಿ ನಿಂತುಬಿಡುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಡೋ ಗಳಿಗೆ ಅದು.

ಸೀರಿಯಲ್ ಲೈಟು ಸುತ್ತಲು ಒಟ್ಟು ಪಟ್ಟಿಯ ಉದ್ದ 4.7 ಮೀಟರು. 10 ಮೀಟರಿನ ಸರ ತಂದರೆ ಎರಡು ಸುತ್ತು ಬರುತ್ತದೆ. ಹೊರಗೆ ಹಾಕೋ ಎಲ್‌ಇಡಿ ಸರವೇ ಇರಲಿ, ಪ್ಲಗ್ಗಿನ ಕಡೆ ವರಾಂಡದ ಒಳಗೇ ಬರಲಿ.

ಮಾವಿನ ಟೊಂಗೆಗೆ ನೈಲಾನ್ ಹಗ್ಗದಲ್ಲಿ ತೂಗುಹಾಕಿ. ಮರ ಇಲ್ಲವಾ? ಕಂಬ ನೆಡಿ. ಮರಳು ನೆಲಕ್ಕೆ ಒಂದೂವರೆ ಅಡಿ ಹೂಳಬೇಕು, ಗೆದ್ದಲು ಹತ್ತದ ಹಾಗೆ ಬುಡಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಬೇಕು. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಹಬ್ಬ ಮುಗಿದ ಮೇಲೆ ಬೋಲ್ಟು ಬಿಚ್ಚಿದರೆ ಐದು ಪಟ್ಟಿಯ ಕಟ್ಟು, ಅಟ್ಟದ ಮೂಲೆ ಸಾಕು. ನಮ್ಮದು ಈಗ ಮನೆಯಲ್ಲಿಲ್ಲ. ದೀಪಾವಳಿಗೆ ಶಿರಸಿಗೆ ಒಯ್ದ ಅಕ್ಕ ಇನ್ನೂ ವಾಪಸ್ ಕೊಟ್ಟಿಲ್ಲ. ಡಿಸೆಂಬರಿಗೆ ನಾನೂ ಹೊಸದಾಗಿ ರೀಪು ಹುಡುಕಬೇಕು.