ಮಳೆಗಾಲದಲ್ಲಿ ಕಿರುಗುಟ್ಟುವ ಚೈನ್
ಪುಣೆಯ ಕೋಥ್ರೂಡ್‌ನಿಂದ ಹಿಂಜವಡಿಗೆ ಸೈಕಲ್ಲಲ್ಲೇ ಆಫೀಸಿಗೆ ಹೋಗುತ್ತೀರಿ, ಮಳೆ ಶುರುವಾದ ಮೇಲೆ ಚೈನ್ ಕಿರುಗುಟ್ಟುತ್ತಿದೆ, ಡಬ್ಲ್ಯೂಡಿ-40 ಹೊಡೆದರೆ ಸಾಕಾ ಅಂತ ಕೇಳಿದ್ದೀರಿ ಅಲ್ವಾ?

ಸಾಕಾಗುವುದಿಲ್ಲ. ಆ ನೀಲಿ ಡಬ್ಬಿಯ ಮಾಮೂಲಿ ಸ್ಪ್ರೇ ನೀರನ್ನು ಹೊರಗೆ ತಳ್ಳುತ್ತದೆ, ತುಕ್ಕು ಸಡಿಲಿಸುತ್ತದೆ, ಆದರೆ ತುಂಬಾ ತೆಳು. ಪುಣೆ ಮಳೆಗೆ ನಿಲ್ಲುವುದಿಲ್ಲ. ಊರಿಂದ ತಂದ ಕೊಬ್ಬರಿ ಎಣ್ಣೆಯೂ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ಸೈಕಲ್ ಅಂಗಡಿಯಲ್ಲಿ ವೆಟ್ ಲ್ಯೂಬ್, ಅಂದರೆ ಮಳೆಗೆ ಬೇಗ ತೊಳೆದುಹೋಗದ ಮಂದ ಚೈನ್ ಎಣ್ಣೆ, ಕೇಳಿ ತಗೊಳ್ಳಿ. ಚೈನನ್ನು ಹಳೇ ಬನಿಯನ್ನಿನಿಂದ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಪ್ರತಿ ರೋಲರ್‌ಗೂ (ಚೈನಿನ ಪಿನ್ ಸುತ್ತ ತಿರುಗುವ ಪುಟ್ಟ ಉರುಳೆ) ಒಂದೊಂದು ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ನಾಲ್ಕು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ದಯವಿಟ್ಟು ಇದನ್ನು ಮರೆಯಬೇಡಿ. ಎಣ್ಣೆಗೆ ಕೆಲಸವಿರುವುದು ರೋಲರ್ ಒಳಗೆ. ಮೇಲೆ ಉಳಿದದ್ದು ಸುಮ್ನೆ ರಸ್ತೆಯ ಕೆಸರು ಹಿಡಿದು ಗೇರಿನ ಹಲ್ಲು ಸವೆಸುತ್ತದೆ. ರಿಮ್ ಬ್ರೇಕ್ ಆಗಲಿ ಡಿಸ್ಕ್ ಆಗಲಿ, ಅದಕ್ಕೆ ಒಂದು ಹನಿಯೂ ತಾಗಬಾರದು.

ಆಮೇಲೂ ಚಾಂದನಿ ಚೌಕದ ಏರಿನಲ್ಲಿ ಚೈನ್ ಜಾರಿದರೆ, ಅದು ಸವೆದು ಉದ್ದವಾಗಿದೆಯಾ ಅಂತ ಸ್ಕೇಲ್ ಹಿಡಿದು ನೋಡಿ. ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೇ ಪಿನ್ನಿನ ನಡುವಿಗೆ 12 ಇಂಚು ಇರಬೇಕು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಿ. 1/8 ಜಾಸ್ತಿ ಬಂದರೆ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು) ಕೂಡ ಸವೆದಿರುತ್ತದೆ, ಎರಡನ್ನೂ ಒಟ್ಟಿಗೇ ಹಾಕಿಸಿ.